ಕಾರಣ

ಯಾಕಯ್ಯ ಕಡಿಮೆ ಮಾಡಿದೆ ಅಂತ ಕೇಳಿದವರಿಗೆಲ್ಲ
ಒಂದೊಂದು ಉತ್ತರ ಕೊಟ್ಟಿದ್ದೇನೆ.
ಅಮ್ಮತ್ತಿಯ ಡಾಕ್ಟರಿಗೆ, ನಿಮ್ಮ ಮಾತಿಗೆ ಬೆಲೆ ಕೊಟ್ಟು ಅಂದೆ;
ಪಾಪ, ಮುಖ ಅರಳಿತು.
ವಿರಾಜಪೇಟೆಯಲ್ಲಿ ಕ್ಯಾಂಟೀನಿನ ಕ್ಯೂ,
ಸುಬೇದಾರ್ ಪಳಂಗಪ್ಪ ನನ್ನ ಚೀಲ ಎತ್ತಿ ನೋಡಿ
"ಕೋಟಾ ಪೂರ್ತಿ ತಗೊಂಡಿಲ್ಲ, ಹುಷಾರಿದ್ದೀಯೇನೋ?" ಅಂದಾಗ
ಸಕ್ಕರೆ ಕಾಯಿಲೆ ಅಂದೆ. ನನಗೆ ಸಕ್ಕರೆ ಇಲ್ಲ.
ಮದುವೆ ಮನೆಯಲ್ಲಿ ಮಾತ್ರ ಕಷ್ಟ,
ಗ್ಲಾಸು ಬೇಡ ಅಂದರೆ ಹೆಣ್ಣಿನ ಕಡೆಯವರಿಗೆ ಅವಮಾನ.
ಇಗ್ಗುತಪ್ಪನಿಗೆ ಹರಕೆ ಅಂತ ದೇವರ ಮೇಲೆ ಹಾಕಿದೆ.
ಅವನಿಗೆ ಗೊತ್ತು ಸುಳ್ಳು ಅಂತ. ಸುಮ್ಮನಿದ್ದಾನೆ.

ದೊಡ್ಡ ಕಾರಣ ಹೇಳಬಹುದಿತ್ತು.
ಜೀಪು ಚರಂಡಿಗೆ ಇಳಿದದ್ದಿದೆ.
ತೆಂಗಿನಕಾಯಿಗೆ ಇಟ್ಟ ಗುರಿ ತಪ್ಪಿ
ಪಕ್ಕದ ಹಲಸಿನ ಕೊಂಬೆ ಮುರಿದು,
ಜನ ಅದಕ್ಕೂ ಚಪ್ಪಾಳೆ ತಟ್ಟಿದ್ದಿದೆ.
ಅದಕ್ಕೆಲ್ಲ ಬೆಳಿಗ್ಗೆ ಕ್ಷಮೆ ಕೇಳಿ
ಸಂಜೆಗೆ ಮತ್ತೆ ಕುಡಿದವನೇ ನಾನು.
ನಾಚಿಕೆಗೆ ಅಷ್ಟು ತಾಕತ್ತಿಲ್ಲ. ಮೊದಲ ಪೆಗ್ಗಿಗೇ ಕರಗುತ್ತದೆ.

ಆದದ್ದು ಇಷ್ಟೆ.
ಕಳೆದ ಜನವರಿ, ಕಾಫಿ ಕೊಯ್ಲಿನ ನಡುವೆ,
ಬೆಳಿಗ್ಗೆ ಅಕ್ಕಿ ರೊಟ್ಟಿ ತಟ್ಟುತ್ತ ಚೋಂದು ತನ್ನಷ್ಟಕ್ಕೆ ನಕ್ಕಳು.
ಏನು ಅಂದೆ.
"ನಿನ್ನೆ ರಾತ್ರಿ ನೀವು ಹೇಳಿದ್ದು."
ರೊಟ್ಟಿ ಮಗುಚಿ ಹಾಕಿ ಮತ್ತೆ ನಕ್ಕಳು,
ಹಿಟ್ಟಿನ ಕೈಯ ಹಿಂಬದಿಯಿಂದ ಕಣ್ಣೊರೆಸಿಕೊಂಡು.
"ಇಷ್ಟು ವರ್ಷದಲ್ಲಿ ಒಂದು ದಿನ ಹೇಳಿರಲಿಲ್ಲವಲ್ಲ ಮಾರಾಯ್ರೆ."

ನನಗೆ ನೆನಪಿರಲಿಲ್ಲ.
ಜಗಲಿಯಲ್ಲಿ ಕೂತದ್ದು ಗೊತ್ತು,
ಕಣದಲ್ಲಿ ರಾಶಿ ಮಾಡಿದ ಕಾಫಿ ಹಣ್ಣಿನ ಹುಳಿವಾಸನೆ ಗೊತ್ತು,
ಮೂರನೆಯ ಗ್ಲಾಸಿಗೆ ಬಿಸಿನೀರು ಬೆರೆಸಿದ್ದು ಗೊತ್ತು.
ಅದರಾಚೆ ಗೇಟು ಹಾಕಿದೆ.
ಗೇಟಿನೊಳಗೆ ನಾನೇ ಕೂತು
ನನ್ನ ಹೆಂಡತಿಯನ್ನು ನಗಿಸುತ್ತಿದ್ದೇನೆ.
ಹೊರಗೆ ನಾನು.

ಏನು ಹೇಳಿದೆ ಅಂತ ಕೇಳಲು ಬಾಯಿ ಬರಲಿಲ್ಲ.
ಕೇಳಿದ್ದರೆ ಆ ನಗು ಅಲ್ಲೇ ಕಾವಲಿಯ ಮೇಲೆ ಸೀದುಹೋಗುತ್ತಿತ್ತು.
ಹೂಂ ಅಂದೆ. ನಾನೂ ನಕ್ಕೆ, ಗೊತ್ತಿದ್ದವನ ಹಾಗೆ.

ಕ್ಯೂರಿಂಗ್ ವರ್ಕ್ಸಿನ ವೇಬ್ರಿಜ್ಜಿನಲ್ಲಿ ನನ್ನ ಕೆಲಸ.
ತುಂಬಿದ ಲಾರಿ ಬರುತ್ತದೆ, ತೂಗುತ್ತೇನೆ.
ಇಳಿಸಿ ಖಾಲಿ ಹೋಗುವಾಗ ಮತ್ತೆ ತೂಗುತ್ತೇನೆ.
ಕಳೆದು ಬಂದದ್ದಷ್ಟೇ ಕಾಫಿ, ಉಳಿದದ್ದೆಲ್ಲ ಕಬ್ಬಿಣ.
ಅವತ್ತು ಇಡೀ ದಿನ ಚೀಟಿ ಬರೆಯುತ್ತ ಅದೇ ಯೋಚನೆ:
ಕೆಟ್ಟದ್ದನ್ನು ಮರೆಯಲು ಕುಡಿದೆ, ಸರಿ,
ಒಳ್ಳೆಯದೂ ಅದೇ ಲಾರಿಯಲ್ಲಿ ಹೋಯಿತೆ?
ಎಷ್ಟು ಟನ್ನು?
ಮಗಳು ಶಾಲೆಯ ಹಾಕಿ ಫೈನಲ್ಲಿನಲ್ಲಿ ಗೋಲು ಹೊಡೆದ ರಾತ್ರಿ
ನಾನು ಕುಣಿದೆನಂತೆ. ಫೋಟೋ ಇದೆ.
ಫೋಟೋದಲ್ಲಿರುವವನನ್ನು ಕಂಡರೆ ಹೊಟ್ಟೆಕಿಚ್ಚು.

ಹೀಗೆ ನಾಲ್ಕು ಎರಡಾಯಿತು, ಎರಡು ಒಂದು.
ಹಬ್ಬ ಬಂದರೆ ಮತ್ತೆ ಮೂರು, ಸುಳ್ಳೇಕೆ.
ಆದರೆ ಹೆಚ್ಚಿನ ರಾತ್ರಿ ಈಗ ಪೂರ್ತಿ ನನ್ನದು:
ನಾಯಿ ಎಷ್ಟು ಹೊತ್ತಿಗೆ ಬೊಗಳಿತು,
ಆನೆ ಓಡಿಸುವ ಪಟಾಕಿ ಯಾರ ತೋಟದ ಕಡೆಯಿಂದ,
ಚೋಂದು ನಿದ್ದೆಗೆ ಮುಂಚೆ ಏನಂದಳು.
ಎಚ್ಚರದಲ್ಲಿ ನಾನು ಅಷ್ಟು ತಮಾಷೆಯವನಲ್ಲ.
ರೆಜಿಮೆಂಟಿನ ಹಳೆಯ ಕಥೆ ಒಂದೆರಡು ಹೇಳಿ ನೋಡಿದೆ.
ಮರ್ಯಾದೆಗೆ ಹೂಂಗುಟ್ಟುತ್ತಾಳೆ.

ಕೈಲ್‌ಪೊಳ್ದ್ ದಿನ ಮೀದಿ ಇಡುವ ಸರದಿ ನನ್ನದು.
ನಮ್ಮಲ್ಲಿ ತೀರಿಕೊಂಡ ಹಿರಿಯರ ಹೆಸರೇ ಕಾರಣ.
ಬಾಳೆಲೆಯಲ್ಲಿ ಕಡಂಬಿಟ್ಟು, ಹಂದಿ ಸಾರು,
ಗ್ಲಾಸು ತುಂಬ ರಮ್ಮು. ಅವರದಕ್ಕೆ ಲೆಕ್ಕ ಹಿಡಿಯಬಾರದು.
ಎಲ್ಲರೂ ಹೊರಗೆ ಹೋದ ಮೇಲೆ
ದೀಪದ ಕೆಳಗೆ ನಿಂತು ಅವರಿಗೆ ಮಾತ್ರ ನಿಜ ಹೇಳಿದೆ.
ಕೊನೆಗೆ ಕೇಳಿದೆ: ನೀವು ಅವತ್ತು ಇಲ್ಲೇ ಎಲ್ಲೋ ಇದ್ದಿರಲ್ಲ,
ಏನು ಹೇಳಿದೆ ನಾನು?

ಊಟಕ್ಕೆ ಬನ್ನಿ, ಆರಿಹೋಗುತ್ತದೆ, ಚೋಂದು ಕರೆದಳು.
ಕಾರಣರ ಗ್ಲಾಸಿನಲ್ಲಿ ಒಂದು ಇರುವೆ ಈಜುತ್ತಿತ್ತು.
ಬೆರಳ ತುದಿಯಿಂದ ಎತ್ತಿ ನೆಲಕ್ಕಿಟ್ಟೆ.
ಸ್ವಲ್ಪ ಹೊತ್ತು ಇದ್ದಲ್ಲೇ ಸುತ್ತಿತು,
ಆಮೇಲೆ ಏನೋ ನೆನಪಾದಂತೆ
ಗೋಡೆಯ ಕಡೆ ಹೊರಟಿತು.