ಮೂರು ನಕ್ಷತ್ರ

ಲೀಡ್ಸ್. ಜನವರಿಯ ಶನಿವಾರ.
ಉಳಿದವರೆಲ್ಲ ಬರೆದು ಹೋಗಿಯಾಯಿತು.
ನಫ್ತಾಲಿ ಮಾತ್ರ ನನ್ನೆದುರು, ಖಾಲಿ ಕೊಠಡಿಯಲ್ಲಿ:
ಸಬ್ಬತ್ ಕಳೆಯುವ ತನಕ ಬರೆಯುವಂತಿಲ್ಲ.

ಪ್ರಶ್ನೆಪತ್ರಿಕೆ ನನ್ನ ಮಡಿಲಲ್ಲಿ, ಸೀಲು ಒಡೆಯದೆ.
ಅವನ ಪೆನ್ನೂ ನನ್ನ ಚೀಲದಲ್ಲೇ;
ನಿನ್ನೆ ಹೊತ್ತು ಮುಳುಗುವ ಮೊದಲೇ ತಂದುಕೊಟ್ಟಿದ್ದ.
ಇಪ್ಪತ್ತಾರು ವರ್ಷ ಪರೀಕ್ಷೆ ಕಾದವಳು ನಾನು,
ಕಾಲುಚೀಲದೊಳಗಿನ ಚೀಟಿ ಹಿಡಿದವಳು.
ಆಕಾಶ ಕಾದದ್ದು ಇದೇ ಮೊದಲು.

‘ಮೂರು ನಕ್ಷತ್ರ ಮೂಡಬೇಕು’ ಅಂದ.
‘ಈ ಊರಲ್ಲಾ?’
ನಕ್ಕುಬಿಟ್ಟ. ಮೋಡದ ಊರುಗಳಿಗೆಂದೇ
ಪಟ್ಟಿಯಿದೆಯಂತೆ: ಐದು ಹದಿನೈದು.

ಆದರೂ ಇಬ್ಬರೂ ಕಿಟಕಿ ಬಿಡಲಿಲ್ಲ.
ವಿಮಾನವೊಂದು ಮಿನುಗಿ ಹೋಯಿತು,
ಲೆಕ್ಕಕ್ಕೆ ಹಿಡಿಯಲಿಲ್ಲ.

ಐದು ಹದಿನೈದು. ಅವನು ಕೈ ಚಾಚಿದ.
‘ಇರಪ್ಪಾ, ಇನ್ನೆರಡು ನಿಮಿಷ’
ಅಂದವಳು ನಾನೇ.

ಮೋಡ ತುಸು ಹರಿದು, ಕಾರ್‌ಪಾರ್ಕಿನ ಮೇಲೆ
ಒಂದೇ ಒಂದು.

ಉಳಿದೆರಡನ್ನು ನಂಬಿ
ಸೀಲು ಒಡೆದೆ.