ತೋಳಿನಲ್ಲಿ ತಂತಿ

ಎಸ್.ಪಿ. ರೋಡಿನಲ್ಲಿ ಗಾಡಿ ನಿಲ್ಲಿಸುವುದೆಂದರೆ
ಬಸ್ಸಿನ ಸೀಟಿನಲ್ಲಿ ಇಬ್ಬರ ನಡುವೆ ಕೂತ ಹಾಗೆ,
ಉಸಿರು ಒಳಗೆಳೆದುಕೊಂಡು.
ಓರೆಯಾಗಿ ನಿಲ್ಲಿಸಲು ಜಾಗವಿಲ್ಲ, ಡಬಲ್ ಸ್ಟ್ಯಾಂಡೇ.
ಆಮೇಲೆ, "ಅಕ್ಕನ ಅಲಂಕಾರ ಶುರು"
ಅಂತಾನೆ ವೈರು ಮಾರುವ ಇಮ್ತಿಯಾಜ್.

ಮೊದಲು ಗ್ಲೌಸು, ಒಂದರೊಳಗೊಂದು ತುರುಕಿ
ಹೆಲ್ಮೆಟ್ಟಿನ ಹೊಟ್ಟೆಗೆ.
ಮಂಡಿಕವಚ ಎರಡೂ ಸೀಟಿನ ಕೆಳಗೆ ಹಿಡಿಸುವುದಿಲ್ಲ,
ಒಂದು ಹಿಡಿಸುತ್ತದೆ. ಇನ್ನೊಂದು ನನ್ನ ಚೀಲದಲ್ಲಿ
ಕಾಲೇಜುಗಳ ಮೈಕ್ರೋಸ್ಕೋಪಿನ ಬಲ್ಬುಗಳ ಜೊತೆ
ದಿನವಿಡೀ ಊರು ಸುತ್ತುತ್ತದೆ.
ಕೊನೆಗೆ ಜಾಕೆಟ್ಟು.
ಬಲತೋಳಿಗೆ ತಂತಿ ಇಳಿಸಿ, ಬೆನ್ನ ಹಿಂದೆ ಹಾಯಿಸಿ
ಎಡತೋಳಿನ ಬಾಯಲ್ಲಿ ಹಿಡಿದೆಳೆಯಬೇಕು
ಲಂಗಕ್ಕೆ ಲಾಡಿ ಪೋಣಿಸಿದಂತೆ,
ಪಿನ್ನೊಂದು ಇಲ್ಲ, ಅಷ್ಟೇ.
ನಡುವೆ ಸಿಕ್ಕಿಕೊಂಡರೆ ಹೊರಗಿನಿಂದ ತಡವಿ ತಡವಿ
ಯಾರದೋ ಮೊಣಕೈ ಹುಡುಕಿದ ಹಾಗೆ ಹುಡುಕಬೇಕು.
ಮತ್ತೆ ಹೆಲ್ಮೆಟ್ಟಿನ ಗದ್ದದಡಿ ತೂರಿ, ಕಣ್ಣಿನಿಂದ ಹೊರತೆಗೆದು
ಚಾಸಿಗೆ ಒಂದು ಸುತ್ತು. ಬೀಗ.
ಟಿಕ್.

ಬರೀ ಪಟ್ಟಿಗೆ ಬೀಗ ಹಾಕಬಾರದು.
ಬ್ಲೇಡಿಗೆ ಅದು ಬಾಳೆನಾರು.
ಇಷ್ಟು ಕಲಿಯಲು ನನಗೆ ಎರಡು ಹೆಲ್ಮೆಟ್ಟು ಹಿಡಿಯಿತು:
ಕಲಾಸಿಪಾಳ್ಯದಲ್ಲಿ ಒಂದು,
ವಾಣಿವಿಲಾಸ ಆಸ್ಪತ್ರೆಯ ಎದುರು ಇನ್ನೊಂದು.
ಅಕ್ಕನ ಮಗು ನೋಡಿ ಬರುವಷ್ಟರಲ್ಲಿ
ಕೊಕ್ಕೆಯಲ್ಲಿ ಪಟ್ಟಿಯ ತುಂಡು ತೂಗುತ್ತಿತ್ತು,
ಬೀಗ ಭದ್ರವಾಗಿತ್ತು.
ಆವತ್ತು ಬೋಳುತಲೆಯಲ್ಲಿ ಶ್ರೀರಾಂಪುರದವರೆಗೆ
ಪೊಲೀಸರಿಗೆ ಹೆದರಿ ಗಲ್ಲಿ ಗಲ್ಲಿ ಹಿಡಿದು
ಕಳ್ಳಿಯ ಹಾಗೆ ಹೋದವಳು ನಾನು.

ಆಮೇಲೆಯೇ ಜೆ.ಸಿ. ರೋಡಿನ ನಾಗಲಿಂಗಾಚಾರಿ
ಈ ತಂತಿ ಮಾಡಿಕೊಟ್ಟದ್ದು. ಯಾವುದೋ ಲಾರಿಯದು,
ಟ್ಯಾಂಕಿನ ಬಣ್ಣ ಉಜ್ಜದಿರಲೆಂದು
ಮೇಲೊಂದು ಸೈಕಲ್ ಟ್ಯೂಬಿನ ಅಂಗಿ.
"ಆನೆ ಎಳೆದ್ರೂ ಬರಲ್ಲ ತಾಯಿ."
ಆನೆ ಹೆಲ್ಮೆಟ್ಟು ಕದಿಯುವುದಿಲ್ಲ ಅಂತ ನಾನು ಹೇಳಲಿಲ್ಲ.

ನಿನ್ನೆ ಸಂಜೆ ಏಳೂಕಾಲು.
ಚಿಲ್ಲರೆ ಎಣಿಸುತ್ತಾ ಬಂದೆ. ಬೆರಳ ಸಂದಿನಿಂದ
ಬೀಗದ ಕೈ ಜಾರಿ
ಫುಟ್‌ಪಾತಿನ ಎರಡು ಚಪ್ಪಡಿಗಳ ಸಂದಿಗೆ ಬಿತ್ತು.
ಸದ್ದು ಕೂಡ ಮಾಡಲಿಲ್ಲ.
ಕೆಳಗೆ ಮೋರಿ.
ಇನ್ನೊಂದು ಕೈ ಮನೆಯಲ್ಲಿ, ಸಾಸಿವೆ ಡಬ್ಬಿಯಲ್ಲಿದೆ.

ಇಮ್ತಿಯಾಜ್ ಬಾಗಿಲು ಎಳೆದು ಹೋಗಿದ್ದ.
ಇದು ಈಕೆಯ ಗಾಡಿ ಅನ್ನಲು ಒಬ್ಬರಿಲ್ಲ.
ಎದುರು ಮಳಿಗೆಯಲ್ಲಿ ಕಟರ್ ಕೊಂಡು ತಂದು
ಕುಕ್ಕರುಗಾಲಲ್ಲಿ ಕೂತೆ. ಟ್ಯೂಬು ಸೀಳಿತು.
ತಂತಿ ಎಳೆ ಎಳೆಯಾಗಿ ಪೊರಕೆಯಂತೆ ಬಿರಿಯಿತು,
ತುಂಡಾಗಲೊಲ್ಲದು.
ಸುತ್ತ ಇನ್ನೂರು ಜನ. "ಯಾರ್ದು ಗಾಡಿ?" ಅನ್ನಲಿಲ್ಲ ಒಬ್ಬನೂ.
ಒಬ್ಬ ಹುಡುಗ ತಲೆಯ ಮೂಟೆ ಇಳಿಸಿ
ಮೊಬೈಲಿನ ಬೆಳಕು ಹಿಡಿದ.
ನರೆತ ಮೀಸೆಯವರೊಬ್ಬರು, "ಹಂಗಲ್ಲಮ್ಮ, ಕೊಡಿಲ್ಲಿ" ಅಂತ
ಕಟರ್ ಇಸಿದುಕೊಂಡು, ತಂತಿಯ ತುದಿ ಚಪ್ಪಲಿಯಲ್ಲಿ ಮೆಟ್ಟಿ
ಕಟ್.
ನಾಲ್ಕು ವರ್ಷ ಇದರ ಮೇಲೆ ನಂಬಿಕೆಯಿಟ್ಟು
ಎರಡೆರಡು ಸಲ ಟೀ ಕುಡಿದು ಬರುತ್ತಿದ್ದೆ.

ಆಮೇಲೆ, ಕಟರ್ ವಾಪಸು ಕೊಡುವಾಗ, ಕೇಳಿದರು:
"ಗಾಡಿ ನಿಮ್ದೇ ತಾನೆ?"

ಏನು ತೋರಿಸಲಿ?
ಹೆಲ್ಮೆಟ್ಟೆತ್ತಿ ಹಾಕಿಕೊಂಡೆ.
ಒಳಗಿನ ಸ್ಪಂಜು ಎರಡೂ ಕೆನ್ನೆ ಅದುಮಿತು,
ನನ್ನದೇ ತೆಂಗಿನೆಣ್ಣೆ, ನನ್ನದೇ ಬೆವರು.
ಅವರಿಗೆ ಕಾಣುವಂಥದ್ದಲ್ಲ ಅದು.
ಆದರೂ ಸರಿ ಸರಿ ಅಂದರು,
ಹಿಂದಿನ ಸ್ಕೂಟರು ಸರಿಸಿ ದಾರಿ ಮಾಡಿದರು.

ಜಾಕೆಟ್ಟಿನ ಬಲತೋಳಿನಲ್ಲಿ ತುಂಡಾದ ಒಂದೆಳೆ
ಒಳಗೇ ಉಳಿದುಬಿಟ್ಟಿತ್ತು.
ಓಕಳಿಪುರ ದಾಟುವವರೆಗೂ, ಆಕ್ಸಿಲರೇಟರ್ ತಿರುಗಿಸಿದಾಗಲೆಲ್ಲ
ಮಣಿಕಟ್ಟಿಗೆ ಚುಚ್ಚುತ್ತಿತ್ತು.
ನಿಲ್ಲಿಸಿ ತೆಗೆಯಬಹುದಿತ್ತು.
ಎಲ್ಲಿ ನಿಲ್ಲಿಸಲಿ?