ಏಳು

"ಹಚ್ಚಿದ್ರ ಆತು, ತಾನ ನಡೀತೈತಿ" ಅಂದಿದ್ದ
ಹುನಗುಂದದ ಗುಜರಿಯವ, ಕಾರ್ಡು ಹಾಳ್ಯಾಗ ಸುತ್ತಿಕೊಡುತ್ತ.
ಹಚ್ಚಿ ಮೂರು ದಿನ. ಸ್ಕ್ಯಾನರ್ ಕಣ್ಣು ತೆರೆದಿಲ್ಲ.

ಇಳಕಲ್ಲಿನ ಈ ಖೋಲಿಯೊಳಗ
ಪಕ್ಕದ ಮಗ್ಗಕ್ಕ ನಡುಗೋ ಮೇಜು,
ಫ್ಯಾನಿಗೆ ದಮ್ಮು ಹತ್ತಿದ ಹಳೇ ಲಿನಕ್ಸ್ ಡಬ್ಬಿ.
ಪರದೆ ಮ್ಯಾಲ ಉದ್ದನ್ನ ಪಟ್ಟಿ:
ಯಾವ ಕಾರ್ಡಿಗೆ ಯಾವ ಬಾಗಿಲು,
ಕೂಗಾಕ ಯಾವ ನಂಬರು.
ಸೌಂಡ್ ಕಾರ್ಡಿಗೂ ಐದು ಬೇಕು, ಇದಕ್ಕೂ ಐದ ಬೇಕು,
ಒಂದ ನಳಕ್ಕ ಎರಡು ಕೊಡ.
ಸೌಂಡಿಗೆ ಅಂದೆ, ನೀ ಏಳಕ್ಕ ಸರಿಯವಾ.
ಏಳರಾಗ ಪ್ರಿಂಟರ್ ಮಲಗಿತ್ತು. ಇರಲಿ.

ಪ್ರತಿ ಸಾಲಿನ ಮುಂದ ಒಂದು ಗುರುತು,
ಎರಡು ಹಾಸು, ಎರಡು ಹೊಕ್ಕು;
ಅದು ಇರೋತನಕ ಸಾಲು ಮೂಕ.
ಬೇಕಾದಲ್ಲೆಲ್ಲ ಬಿಚ್ಚಿದೆ, ಒಂದೊಂದ.
ಚಾಲೂ ಮಾಡಿದೆ. ಸುಮ್ಮನ.
ಮತ್ತ ಮಾಡಿದೆ. ಮತ್ತೂ ಸುಮ್ಮನ.

ಸೆರಗಿಗೂ ಒಡಲಿಗೂ ಕೊಂಡಿ ಹಾಕಿ ಹಾಕಿ
ಬೆರಳು ಸವದ ದಾವಲಬಿ
ಯಾವಾಗ ಬಂದು ಬೆನ್ನಹಿಂದ ನಿಂತಿದ್ದಳೋ:
"ತಂಗಿ, ತಳದಾಗೊಂದು ಹಂಗ ಉಳದೈತಲ್ಲ."

ಉಳದಿತ್ತು. ಕಟ್ಟಕಡೇ ಸಾಲು,
'ಏಳು' ಅನ್ನೋ ಸಾಲು.
ಎಣಿಸೋ ಏಳಲ್ಲ, ಎಬ್ಬಿಸೋ ಏಳು.

ಗುಂಡಿ ಒತ್ತಿದೆ. ಗೊರಕಿಯಂಥ ಸಪ್ಪಳ,
ಆಕಿ ಅವ್ವನ ಸೀರಿಯ ಗೋಮಿ ದಡಿ ಕೆಳಗ
ಬೆಳಕು ನಿಧಾನ ತೆವಳಿತು.
ಪರದೆಗೆ ಬಂತು ಕೆಂಪು, ಆಮ್ಯಾಲ ಹಳದಿ,
ಮೂಲ್ಯಾಗ ಬಟ್ಟಿ ಒತ್ತಿಹಿಡಿದಿದ್ದ
ದಾವಲಬಿಯ ಹೆಬ್ಬೆಟ್ಟು,
ಗೆರಿ ಗೆರಿ ಕಾಣೋ ಹಂಗ.

ಕತ್ತರಿಸಬಹುದಿತ್ತು.
ಅಷ್ಟರಾಗ ಪ್ರಿಂಟರ್ ತಕರಾರು ತಗದಿತ್ತು.